ಖರಾಬು ಜಾಗದಿಂದ ಟಂಡ್ರಾದವರೆಗೆ

(ಕೊಪ್ಪಳದಲ್ಲಿ ಪ್ರೌಢಶಾಲಾ ಶಿಕ್ಷಕರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಬಹಳ ವರ್ಷ ನಾನು ಬಯೋಮ್ ಪಾಠವನ್ನು, ಅಂದರೆ ಹವೆಗೆ ತಕ್ಕ ಗಿಡ, ಪ್ರಾಣಿ ಇರುವ ದೊಡ್ಡ ದೊಡ್ಡ ನೆಲೆಗಳ ಪಾಠವನ್ನು, ಕಿರಾಣಿ ಚೀಟಿ ಓದಿದ ಹಾಗೆ ಮಾಡಿದವನು. ಮಳೆಕಾಡು, ಸವನ್ನಾ (ಅಲ್ಲಲ್ಲಿ ಮರವಿರುವ ಬಿಸಿ ಹುಲ್ಲುನಾಡು), ಮರುಭೂಮಿ, ಹುಲ್ಲುಗಾವಲು, ಟೈಗಾ (ಚಳಿನಾಡಿನ ಸೂಜಿ ಎಲೆಯ ಕಾಡು), ಟಂಡ್ರಾ (ಧ್ರುವದ ಕಡೆಯ ಮರವಿಲ್ಲದ ಚಳಿನಾಡು). ಒಂದೊಂದಕ್ಕೆ ಒಂದೊಂದು ಪ್ರಾಣಿ. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು, ಮಾರ್ಕ್ಸೂ ಬರುತ್ತಿತ್ತು. ಒಂದು ದಿನ ಸುಮ್ನೆ ಕೇಳಿದೆ, "ಇದರಲ್ಲಿ ನಾವಿರೋದು ಯಾವುದು?" ಕ್ಲಾಸೆಲ್ಲ ಗಪ್‌ಚುಪ್. ಹಿಂದಿನ ಬೆಂಚಿನಲ್ಲಿ ಕುರಿಗಾರರ ಮನೆಯ ಹುಡುಗ ಒಬ್ಬ ಎದ್ದ. "ಯಾವುದೂ ಅಲ್ರೀ ಸರ್. ನಮ್ಮದು ಖರಾಬು ಜಾಗ."

ಪಹಣಿಯಲ್ಲಿ ಇರುವ ಮಾತನ್ನೇ ಅವನು ಹೇಳಿದ್ದ. ಬಂಡೆ, ಮುಳ್ಳು, ಒಣಹುಲ್ಲು ಇದ್ದರೆ ಖರಾಬು. ಆದರೆ ತೋಳ ಮರಿ ಹಾಕುವುದು ಅಲ್ಲೇ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಕ್ಕೆಂದೇ ಒಂದು ಧಾಮ ಇದೆ. ದರೋಜಿಯಲ್ಲಿ 1994ರಿಂದ ಕರಡಿಗೆ ಇದೆ. ಸಿರುಗುಪ್ಪದ ಕಡೆ ಎರೆ ನೆಲದಲ್ಲಿ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇನ್ನೂ ಬೆರಳೆಣಿಕೆಯಷ್ಟು ಉಳಿದಿವೆ. ನಮ್ಮದು ಉಷ್ಣವಲಯದ ಮುಳ್ಳುಕುರುಚಲು ಮತ್ತು ಹುಲ್ಲಿನ ನಾಡು. ಅದೂ ಒಂದು ಬಯೋಮೇ. ಆ ಹುಡುಗನಿಗೆ ಅವತ್ತು ಇಷ್ಟು ಹೇಳಲು ನನಗೇ ಗೊತ್ತಿರಲಿಲ್ಲ.

ಆಮೇಲೆ ನಾನು ಗೋಡೆಯಿಂದ ಶುರು ಮಾಡಿದೆ. ಒಂದು ಸುಣ್ಣದಕಡ್ಡಿ, ಒಂದು ಟೇಪು ಸಾಕು. ವರ್ಷದ ಮಳೆ ಹರಿಯದೆ, ಇಂಗದೆ ನಿಂತರೆ ಎಷ್ಟು ಎತ್ತರ? ಕೊಪ್ಪಳದ್ದು ಸುಮಾರು 600 ಮಿ.ಮೀ. ಎಂಟನೇ ಕ್ಲಾಸಿನ ಹುಡುಗನ ತೊಡೆಮಟ್ಟ. ಆಗುಂಬೆಯದು 7,000 ಮೀರುತ್ತದೆ, ಗೋಡೆ ಸಾಲದು, ಎರಡನೇ ಮಹಡಿ ಕಡೆ ಕೈ ತೋರಿಸಿ. ಸಹಾರಾದ ನಡುಭಾಗದ್ದು 25 ಮಿ.ಮೀ. ಕೂಡ ಇಲ್ಲ, ಬೆರಳಿನ ಒಂದು ಗೆಣ್ಣು. ಟಂಡ್ರಾದಲ್ಲಿ ಬಹಳ ಕಡೆ 250 ಮಿ.ಮೀ. ಅಥವಾ ಅದಕ್ಕೂ ಕಡಿಮೆ. ಮೀನಖಂಡದವರೆಗೂ ಬರೋದು ಕಷ್ಟ.

ಇಲ್ಲಿ ಮಕ್ಕಳು ನಿಮ್ಮನ್ನು ಹಿಡಿಯುತ್ತಾರೆ. ಟಂಡ್ರಾದ ಬೇಸಿಗೆ ಫೋಟೋ ನೋಡಿದರೆ ಎಲ್ಲೆಲ್ಲೂ ನೀರು, ಜೌಗು, ಸೊಳ್ಳೆ. "ನಮಗಿಂತ ಕಡಿಮೆ ಮಳೆ, ಆದರೂ ನೀರು ಹ್ಯಾಂಗ್ರೀ ಸರ್?" ಈ ಪ್ರಶ್ನೆ ಬಂತು ಅಂದ್ರೆ ಪಾಠ ಅರ್ಧ ಆಯ್ತು ಅಂತಲೇ ಲೆಕ್ಕ.

ಉತ್ತರ ಹೇಳಬೇಡಿ, ಮಾಡಿ ತೋರಿಸಿ. ಅಗಲ ತಟ್ಟೆಯಲ್ಲಿ ಮಂಜುಗಡ್ಡೆ ಕಟ್ಟಿಸಿ ತನ್ನಿ. ಮೇಲೆ ಎರಡು ಬೆರಳು ದಪ್ಪ ಮಸಾರಿ ಮಣ್ಣು ಹರಡಿ. ಅಷ್ಟೇ ಮಣ್ಣನ್ನು ಒಂದು ಜರಡಿಯಲ್ಲೂ ಹಾಕಿ. ಎರಡಕ್ಕೂ ಒಂದೊಂದು ಲೋಟ ನೀರು. ಜರಡಿಯದು ಕೆಳಗಿಳಿದು ಹೋಗುತ್ತದೆ, ತಟ್ಟೆಯದು ಕೆಸರಾಗಿ ಅಲ್ಲೇ ನಿಲ್ಲುತ್ತದೆ. ಟಂಡ್ರಾದ ನೆಲ ಕೆಳಗೆ ಸದಾ ಹೆಪ್ಪುಗಟ್ಟಿರುತ್ತದೆ, ನೀರು ಇಂಗುವುದಿಲ್ಲ. ಚಳಿಗೆ ಆರುವುದೂ ಕಡಿಮೆ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಹಿಂಡಿ ಹಾಕಿದ ಪಂಚೆ ನೋಡನೋಡುತ್ತಲೇ ಗರಿಗರಿ ಆಗುತ್ತದೆ, ಅಲ್ವಾ? ಸ್ವಲ್ಪ ಬೇಗ ಮಾಡಿ ಮತ್ತೆ. ತಡ ಮಾಡಿದರೆ ನಮ್ಮ ಬಿಸಿಲಿಗೆ ನಿಮ್ಮ ಟಂಡ್ರಾ ಕೆರೆ ಆಗಿಬಿಡುತ್ತದೆ.

ಈಗ ಮಾತ್ರ ಬೋರ್ಡಿಗೆ ಬನ್ನಿ. ಒಂದು ಗೆರೆ ಮಳೆಗೆ, ಇನ್ನೊಂದು ಸೆಕೆಗೆ. ಅಮೆರಿಕದ ಪರಿಸರ ವಿಜ್ಞಾನಿ ರಾಬರ್ಟ್ ವಿಟೇಕರ್ ಹೀಗೇ ಎರಡು ಗೆರೆ ಎಳೆದು ಎಲ್ಲ ಬಯೋಮ್‌ಗಳನ್ನೂ ಕೂರಿಸಿದರು. ಟೈಗಾ, ಮಳೆಕಾಡು ಎಲ್ಲ ತಾವಾಗಿ ಜಾಗ ಹಿಡಿಯುತ್ತವೆ, ಅವಕ್ಕೆ ಜಾಸ್ತಿ ಹೊತ್ತು ಬೇಡ. ಸವನ್ನಾ ಬಂದಾಗ ಮಾತ್ರ ನಿಲ್ಲಿ. ಮಳೆ ಅಷ್ಟೇ ಇದ್ದರೂ ಬೆಂಕಿ ಬೀಳುವ ಕಡೆ, ಪ್ರಾಣಿ ಮೇಯುವ ಕಡೆ ಮರ ಸೋತು ಹುಲ್ಲು ಗೆಲ್ಲಬಹುದು. ಕುರಿ ಕಾಯುವ ಮಕ್ಕಳು ಇದನ್ನು ನಿಮಗೇ ಹೇಳಿಕೊಡುತ್ತಾರೆ.

ಹುಲ್ಲುಗಾವಲಿನ ಪಾಠದಲ್ಲಿ ಉಕ್ರೇನಿನ ಕಪ್ಪು ಮಣ್ಣು ಬರುತ್ತದೆ. "ನಮ್ಮ ಎರೆ ಹೊಲದ ಹಾಗೇನ್ರೀ?" ಅಂತ ಕೇಳಿಯೇ ಕೇಳುತ್ತಾರೆ. ಬಣ್ಣ ಒಂದೇ, ಕಥೆ ಬೇರೆ. ಅಲ್ಲಿನ ಕಪ್ಪು ಸಾವಿರಾರು ವರ್ಷ ಹುಲ್ಲಿನ ಬೇರು ಕೊಳೆತು ಬಂದದ್ದು. ನಮ್ಮ ಎರೆ ಜಿಗುಟು ಜೇಡಿಯ ಮಣ್ಣು, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ.

ಇನ್ನು ಗಿಡದ ವಿಷಯ. ಹೆಸರು ನಂಬಿ ಮೋಸ ಹೋಗಬೇಡಿ. ಬಳ್ಳಾರಿ ಜಾಲಿಯ ಹೆಸರಲ್ಲಿ ಬಳ್ಳಾರಿ ಇದೆ, ತವರು ಅಮೆರಿಕ ಖಂಡ. ಪಾಪಾಸುಕಳ್ಳಿಯೂ ಅಲ್ಲಿಂದಲೇ ಬಂದದ್ದು. ಗುಡ್ಡದ ಬೊಂತೆಗಳ್ಳಿ ಮಾತ್ರ ನಮ್ಮದು. ಎರಡಕ್ಕೂ ದಪ್ಪ ಹಸಿರು ಕಾಂಡ, ಎರಡಕ್ಕೂ ಮುಳ್ಳು. ಮಕ್ಕಳು ಅಣ್ಣತಮ್ಮ ಅಂತಲೇ ತಿಳಿಯುತ್ತಾರೆ. ಸಂಬಂಧವೇ ಇಲ್ಲ. ದೂರದ ಎರಡು ಒಣನಾಡು, ನೀರಿಲ್ಲದ ಅದೇ ಕಷ್ಟ, ಅದಕ್ಕೆ ಎರಡೂ ಕಡೆ ಒಂದೇ ಥರದ ಮೈ. ಗುರುತಿಸಲು ತುಸು ಗೀರಿದರೆ ಸಾಕು. ಬೊಂತೆಗಳ್ಳಿಗೆ ಬಿಳಿ ಹಾಲು ಬರುತ್ತದೆ, ಪಾಪಾಸುಕಳ್ಳಿಗೆ ಬರೀ ಲೋಳೆ.

ಊಟ ಆದ ಮೇಲೆ ಹಿಂದಿನ ಗುಡ್ಡಕ್ಕೆ ಹೋಗೋಣ, ಎರಡೂ ಅಲ್ಲೇ ಇವೆ. ಚಪ್ಪಲಿ ಗಟ್ಟಿ ಇರಲಿ. ಕಳ್ಳಿ ಗೀರಿದವರು ಕೈ ತೊಳೆಯದೆ ಕಣ್ಣು ಮುಟ್ಟಬೇಡಿ, ಹಾಲು ತಾಗಿದರೆ ಕಣ್ಣು ಹೊತ್ತಿ ಉರಿಯುತ್ತದೆ. ನೀರಿನ ಕ್ಯಾನ್ ನಾನು ತರುತ್ತೇನೆ.