ಡಿಸೆಂಬರಿನ ಜಿಂಕೆಗೆ ಮೇವೇ ದಾರಿ

ಕೇಳುಗರಿಗೆ ನಮಸ್ಕಾರ. ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅಜ್ಜಂದಿರ ಮಾತಿನಲ್ಲಷ್ಟೇ ಉಳಿಯಿತು. ಇಲ್ಲಿ ಅಮೆರಿಕದ ಅಯೋವಾ, ಇಲಿನಾಯ್ ಕಡೆ ನೆಲೆಸಿ, ಲೈಸೆನ್ಸ್ ಮಾಡಿಸಿ, ಬಿಳಿಬಾಲದ ಜಿಂಕೆಗೆ ಹೊಂಚು ಕೂರುವ ಕನ್ನಡಿಗರಿಗೆ ಈ ಮಾತು. ಹೇಳುವುದು ಒಂದೇ: ಸೀಸನ್ನಿನ ಕೊನೆಗೆ ಬಲಿತ ಕೊಂಬಿನ ಜಿಂಕೆಯನ್ನು ಹೊರಗೆಳೆಯುವುದು ಮೇವು.

ನವೆಂಬರಿನ ಬೆದೆಯಲ್ಲಿ ಅದು ಹೆಣ್ಣುಗಳ ಹಿಂದೆ ಓಡಿ ಮೈತೂಕದ ಐದರಲ್ಲೊಂದು ಪಾಲನ್ನೇ ಕಳೆದುಕೊಂಡಿರುತ್ತದೆ. ಚಳಿ ಕಳೆಯಲು ಕೊಬ್ಬು ಬೇಕು. ಈಗ ಗಂಡುಗಳ ಕಾಳಗದಂತೆ ಕೊಂಬು ತಿಕ್ಕಿ ಸದ್ದು ಮಾಡುವುದು, ಗಂಡನ್ನು ಸೆಳೆಯಲೆಂದು ಅಂಗಡಿಯಲ್ಲಿ ಮಾರುವ ಸೀಸೆಯ ಜಿಂಕೆಮೂತ್ರ ಚಿಮುಕಿಸುವುದು ಯಾಕೆ? ದಯವಿಟ್ಟು ಬಿಡಿ. ಕೊಯ್ಯದೆ ನಿಂತ ಸೋಯಾ ಅಥವಾ ಮೆಕ್ಕೆಜೋಳ ಹುಡುಕಿ. ಕೊಯ್ದ ಹೊಲದ ಉದುರುಕಾಳು ಹಿಮದಡಿ ಹೂತುಹೋದಾಗಲೂ ನಿಂತ ಗಿಡದ ಕಾಯಿ ಬಾಯಿಗೆ ಎಟುಕುತ್ತದೆ. ಕಾಳು ತಂದು ರಾಶಿ ಸುರಿದು ಕಾಯುವುದು ಈ ಎರಡೂ ರಾಜ್ಯಗಳಲ್ಲಿ ಅಪರಾಧ. ಬೆಳೆದು ನಿಂತ ಪೈರಿನ ಬಳಿ ಕೂರುವುದು ಅಪರಾಧವಲ್ಲ.

ಹಗಲಲ್ಲಿ ಅದು ಬಿಸಿಲು ಬೀಳುವ ದಕ್ಷಿಣದ ಇಳಿಜಾರಿನಲ್ಲಿ ಮಲಗಿರುತ್ತದೆ. ಬೆಳಗ್ಗೆ ಹೋಗಬೇಡಿ. ಕತ್ತಲಲ್ಲಿ ಹೊಲದಲ್ಲೇ ಮೇಯುತ್ತಿರುವ ಜಿಂಕೆಗಳನ್ನು ನೀವೇ ಓಡಿಸಿಬಿಡುತ್ತೀರಿ. ಸಂಜೆಯೇ ಸರಿ. ಅದರಲ್ಲೂ ಥಟ್ಟನೆ ಚಳಿ ಏರಿದ ದಿನದ ಸಂಜೆ.

ಇನ್ನು ಎಲ್ಲರೂ ಎಡವುವ ಜಾಗ. ಮೊದಲ ಸಂಜೆ ಅಟ್ಟಣೆಯ ಮುಂದೆ ಹನ್ನೆರಡು ಜಿಂಕೆ ಬಂದವು ಎನ್ನಿ. ಹೆಣ್ಣು, ಮರಿ, ಎಳೆಯ ಗಂಡು. ದೊಡ್ಡದು ಕಾಡಿನಂಚಿನಲ್ಲೇ ನಿಂತಿದೆ. ಹೊತ್ತು ಮುಳುಗಿತು. ಕಾನೂನಿನಂತೆ ಗುಂಡು ಹಾರಿಸುವ ಸಮಯವೂ ಮುಗಿಯಿತು. ಬೇಟೆಗಾರ ಕಾಲು ಜುಮ್ಮೆಂದು ಏಣಿ ಇಳಿಯುತ್ತಾನೆ. ಮುದಿ ಹೆಣ್ಣೊಂದು ಮೂಗಿನಲ್ಲಿ ಬುಸ್ಸೆಂದಿತು. ಬಿಳಿಬಾಲ ಎತ್ತಿ ಹಿಂಡೇ ಪರಾರಿ. ಮರುದಿನ ಬಂದದ್ದು ಐದು. ಮೂರನೆಯ ದಿನ ಕತ್ತಲಾಗುವ ತನಕ ಒಂದೂ ಇಲ್ಲ. ಈತ ಅಂಗಡಿಗೆ ಹೋಗಿ ಇನ್ನೊಂದು ಸೀಸೆ ಕೊಳ್ಳುತ್ತಾನೆ! ಮೇವು ಅಲ್ಲೇ ಇದೆ ಸ್ವಾಮಿ, ಆದರೆ ಆ ಮರದಲ್ಲಿ ಮನುಷ್ಯನಿದ್ದಾನೆಂದು ಅವಕ್ಕೆ ಗೊತ್ತಾಗಿಹೋಯಿತು. ಇಳಿಯುವ ಮುನ್ನ ಹೊಲದವರಿಗೆ ಫೋನ್ ಮಾಡಿ. ಪಿಕಪ್ ಟ್ರಕ್ಕಿನಲ್ಲಿ ಬಂದು ಒಂದು ಸುತ್ತು ಹಾಕಲಿ. ಜಿಂಕೆಗಳು ದಿನಾ ಕಾಣುವ ಗಾಡಿಗೆ ಸರಿಯುತ್ತವೆ, ನಾಳೆ ಮತ್ತೆ ಬರುತ್ತವೆ. ಹೊಲ ಖಾಲಿಯಾದ ಮೇಲೆ ಇಳಿಯಿರಿ.

ಸಮಯ ಮುಗಿಯಿತೆಂದು ಸನ್ನೆ ಆಗುತ್ತಿದೆ. ಆ ವರ್ಷ ಹುಟ್ಟಿದ ಕೆಲವು ಹೆಣ್ಣುಮರಿಗಳು ಡಿಸೆಂಬರಿನಲ್ಲಿ ಬೆದೆಗೆ ಬರುತ್ತವೆ. ಅವೂ ಮೇಯುವುದು ಅದೇ ಹೊಲದಲ್ಲಿ, ಅವನ್ನು ಅರಸುವ ಗಂಡೂ ಅಲ್ಲಿಗೇ ಬರುತ್ತದೆ. ಗಾಳಿ ಹೊಲದಿಂದ ನಿಮ್ಮ ಮುಖಕ್ಕೆ ಬೀಸುತ್ತಿರಬೇಕು. ತಂಪು ಗಾಳಿ ಸಂಜೆ ನಿಮ್ಮ ವಾಸನೆ ಹೊತ್ತು ತಗ್ಗಿಗೆ ಇಳಿಯುತ್ತದೆ, ಜಿಂಕೆ ತಗ್ಗಿನಿಂದ ಬರುವ ಕಡೆ ಕೂರಬೇಡಿ. ಜನವರಿಯಲ್ಲಿ ಕೊಂಬು ಉದುರಿಸಿಕೊಂಡ ಗಂಡು ಹೆಣ್ಣಿನಂತೆಯೇ ಕಾಣುತ್ತದೆ, ಹಣೆಯಲ್ಲಿ ಕೊಂಬು ಉದುರಿದ ಗುರುತಿದೆಯೇ ನೋಡಿಕೊಂಡು ಆಮೇಲೆ ಗುರಿಯಿಡಿ. ಅಟ್ಟಣೆಯಲ್ಲಿ ಸೊಂಟಕ್ಕಷ್ಟೇ ಅಲ್ಲ, ಪೂರ್ತಿ ಮೈಗೆ ಬೀಳದಂತೆ ಹಿಡಿಯುವ ಸುರಕ್ಷಾ ಪಟ್ಟಿ ಕಟ್ಟಿಕೊಳ್ಳಿ, ಹತ್ತುವಾಗಲೇ ಕಟ್ಟಿಕೊಳ್ಳಿ. ನಮಸ್ಕಾರ.