ಫೈಟಾಫ್ಥೊರಾ: ಹೆಸರು ನುಂಗಬೇಡಿ ಸಾರ್

ಫೈಟಾಫ್ಥೊರಾ. ಇನ್ನೊಂದು ಸಲ ಹೇಳುತ್ತೇನೆ, ನಿಧಾನಕ್ಕೆ: ಫೈ, ಟಾಫ್, ಥೊ, ರಾ. ಅಷ್ಟೇ. ಬೆಳೆಗೆ ರೋಗ ತರುವ ಸೂಕ್ಷ್ಮಜೀವಿಯ ಹೆಸರು ಇದು.

ನಮ್ಮ ಚಿಕ್ಕಮಗಳೂರು ಕಡೆ ಬೆಳೆಗಾರರ ತರಬೇತಿಗೆ ಹೋದರೆ ಈ ಹೆಸರು ಬಂದ ಕೂಡಲೇ "ಅದೇನೋ ಫೈಟೋ, ಬಿಡಿ, ಹೆಸರು ಕಷ್ಟ" ಅಂತ ಮುಂದೆ ಹೋಗಿಬಿಡುತ್ತಾರೆ. ಕಷ್ಟ ಯಾರಿಗೆ? ರೋಗ ತಡೆಯುವ ಶಿಲೀಂಧ್ರ ಬೇಕಾದಾಗ ಗೊಬ್ಬರದ ಅಂಗಡಿಯಲ್ಲಿ "ಟ್ರೈಕೋಡರ್ಮಾ ಕೊಡಿ" ಅಂತ ಸಲೀಸಾಗಿ ಕೇಳುವವರು ನಾವು. ಅದೂ ಗ್ರೀಕೇ ರೀ.

ಬಾಯಿಗೆ ಒಡೆಯುವ ಜಾಗ ಬೇರೆ, ಅರ್ಥಕ್ಕೆ ಒಡೆಯುವ ಜಾಗ ಬೇರೆ. ಫೈಟೋ ಅಂದರೆ ಗಿಡ. ಫ್ಥೊರಾ ಅಂದರೆ ನಾಶ. ಸ್ಕೂಲಲ್ಲಿ ಸಂಧಿ ಬಿಡಿಸಿದ್ದೇವಲ್ಲ, ಅದೇ ಕೆಲಸ. ಜರ್ಮನಿಯ ವಿಜ್ಞಾನಿ ಆಂಟನ್ ಡಿ ಬಾರಿ 1876ರಲ್ಲಿ ಈ ಹೆಸರಿಟ್ಟ. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಕೊಳೆಸಿ ಕ್ಷಾಮ ತಂದ ಜೀವಿ ಅದು.

ಈಗ ನಮ್ಮಲ್ಲಿಗೆ ಬನ್ನಿ. ಹಾಸನದ ಆಲೂಗಡ್ಡೆಗೆ ಅಂಗಮಾರಿ. ಕೊಪ್ಪ, ಶೃಂಗೇರಿಯ ಅಡಿಕೆಗೆ ಕೊಳೆರೋಗ. ಮೂಡಿಗೆರೆಯ ಮೆಣಸಿನ ಬಳ್ಳಿಗೆ ಶೀಘ್ರ ಸೊರಗು ರೋಗ. ಕೇಳಿದರೆ ಮೂರೂ ಬೇರೆ ಬೇರೆ ಅನ್ನಿಸುತ್ತದೆ, ಅಲ್ವಾ? ಮೂರರ ಹಿಂದೆ ಇರುವುದು ಒಂದೇ ಮನೆತನ, ಫೈಟಾಫ್ಥೊರಾ. ಇದರ ಬೀಜಕಣಗಳಿಗೆ ಬಾಲ ಇರುತ್ತದೆ, ನೀರಿನಲ್ಲಿ ಈಜುತ್ತವೆ. ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟುವುದೂ, ಮೆಣಸಿನ ಬುಡದಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳುವುದೂ ಇದಕ್ಕೇ. ಹೆಸರು ಹೇಳಿಕೊಟ್ಟಿದ್ದರೆ ಈ ನಂಟು ತಾನಾಗಿ ಕಾಣುತ್ತಿತ್ತು. ನಾವು ಸುಮ್ನೆ ಮೂರು ಪಾಠ ಕಲಿತೆವು.

ಇನ್ನೊಂದು ತಮಾಷೆ ಇದೆ. ಕಾಫಿಗೂ ಕೊಳೆರೋಗ ಬರುತ್ತದಲ್ಲ, ಕಪ್ಪಾದ ಎಲೆ ದಾರದಂಥ ಎಳೆ ಹಿಡಿದು ರೆಂಬೆಯಲ್ಲಿ ಜೋತಾಡುತ್ತಿರುತ್ತದಲ್ಲ, ಅದು ಈ ಮನೆತನದ್ದೇ ಅಲ್ಲ. ಅದೊಂದು ಶಿಲೀಂಧ್ರ. ಫೈಟಾಫ್ಥೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಕಂದು ಪಾಚಿಯ ದೂರದ ನೆಂಟ. ಈ ಕಾಫಿ ರೋಗಕ್ಕೆ ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಕುಕ್ ಇಟ್ಟ ಹೆಸರು ಪೆಲ್ಲಿಕ್ಯುಲೇರಿಯಾ ಕೊಳೆರೋಗ. ಅದೂ 1876ರಲ್ಲೇ! ಹೌದು, ನಮ್ಮ ಕೊಳೆರೋಗವೇ. 'ಳ' ಬಾರದೆ ಅವರು ಅದನ್ನು ಕೊಲೆರೋಗ ಮಾಡಿರಬಹುದು, ಆದರೆ "ಹೆಸರು ಕಷ್ಟ" ಅಂತ ಬಿಡಲಿಲ್ಲ.

ಹಾಗಾಗಿ ಮುಂದಿನ ಸಲ ಯಾರಾದರೂ ವೇದಿಕೆ ಮೇಲೆ "ಕೊಳೆರೋಗಕ್ಕೆ ಇದನ್ನು ಹೊಡೆಯಿರಿ" ಅಂದರೆ ಕೈ ಎತ್ತಿ ಕೇಳಿ: "ಸಾರ್, ಯಾವ ಕೊಳೆರೋಗ? ಪೂರ್ತಿ ಹೆಸರು ಹೇಳಿ."