ನೋವು ತಿನ್ನೋ ಹೊತ್ತಿಗೆ ಗುರುತಿನ ಮುಖ ಬೇಕು

ನಮಸ್ಕಾರ. ಮೊನ್ನೆ ಒಂದು ಸೀಮಂತಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು, "ಏನಮ್ಮಾ, ಡಾಕ್ಟರ್ ಇರೋ ಕಾಲದಲ್ಲಿ ಸೂಲಗಿತ್ತಿ ಸೂಲಗಿತ್ತಿ ಅಂತೀಯಲ್ಲ?" ಅಂದ್ರು. ಹೋಳಿಗೆ ಗಂಟಲಲ್ಲಿ ಇಳೀಲಿಲ್ಲ.

ಡಾಕ್ಟರ್ ಬೇಡ ಅಂತ ನಾನು ಯಾವತ್ತೂ ಅಂದಿಲ್ಲ. ನಾನು ಕೇಳೋದು ಒಂದೇ ಮುಖ. ಬಸುರಿಂದ ಬಾಣಂತನದವರೆಗೂ ಜೊತೆಗಿರೋ, ತರಬೇತಿ ಆದ ಒಬ್ಬ ಸೂಲಗಿತ್ತಿ.

ನನ್ನ ಚೊಚ್ಚಲ ಹೆರಿಗೆ. 14 ಗಂಟೆ ನೋವು ತಿಂದೆ, ಅಷ್ಟರಲ್ಲಿ ಎರಡು ಸಲ ಡ್ಯೂಟಿ ಬದಲಾಯ್ತು. ಬಂದವರೆಲ್ಲ ತಾಯಿ ಕಾರ್ಡ್ ತಿರುವೋದು, "ಎಷ್ಟನೇದು?" ಅನ್ನೋದು, ಒಳಗೆ ಕೈಯಿಟ್ಟು ನೋಡೋದು, ಹೋಗೋದು. ಬೆಳಗಿನ ಜಾವ ನೆಲ ಒರೆಸೋಕೆ ಬಂದ ಆಯಾ ಬಕೆಟ್ ಪಕ್ಕಕ್ಕಿಟ್ರು. ಒದ್ದೆ ಕೈ ಸೆರಗಿಗೆ ಒರೆಸ್ಕೊಂಡು ನನ್ನ ಸೊಂಟ ನೀವಿದ್ರು. "ಉಸಿರು ಬಿಡವ್ವ, ಇಲ್ಲೇ ಇದೀನಿ." ಆ ರಾತ್ರಿ ಹಾಗಂದವರು ಅವರೊಬ್ಬರೇ.

ಇದು ಬರೀ ಸಮಾಧಾನದ ಮಾತು ಅಂತೀರಾ? ಕೋಕ್ರೇನ್ ಅನ್ನೋ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧಕರ ಸಂಸ್ಥೆ 2016ರಲ್ಲಿ 15 ಪ್ರಯೋಗಗಳನ್ನ ಒಟ್ಟಿಗಿಟ್ಟು ನೋಡ್ತು, 17,674 ಹೆಂಗಸರು. ಮೊದಲಿಂದ ಕೊನೆವರೆಗೂ ಸೂಲಗಿತ್ತಿಯರೇ ನೋಡ್ಕೊಂಡ ಕಡೆ ದಿನ ತುಂಬದೆ ಹುಟ್ಟಿದ ಕೂಸುಗಳು ಕಡಿಮೆ ಇದ್ವು. ಇಕ್ಕಳ, ವ್ಯಾಕ್ಯೂಮ್ ಹಾಕಿ ತೆಗೆಯೋದೂ ಕಡಿಮೆ. ಗುರುತಿನ ಮುಖ ಇದ್ದ ಕಡೆ ರೀ!

"ಅದು ಫಾರಿನ್ ಕಥೆ" ಅನ್ಬೇಡಿ. ಪಾವಗಡದ ಕೃಷ್ಣಾಪುರ ಫಾರಿನ್ನಾ? 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ಡಿಸೆಂಬರ್‌ನಲ್ಲಿ ಅವರು ತೀರ್ಕೊಂಡ್ರು. ಅದೇ ತಿಂಗಳು ಕೇಂದ್ರ ಸರ್ಕಾರ, ನರ್ಸ್‌ಗಳಿಗೆ 18 ತಿಂಗಳು ಸೂಲಗಿತ್ತಿ ವಿದ್ಯೆ ಕಲಿಸೋ ಮಾರ್ಗಸೂಚಿ ಹೊರಡಿಸ್ತು. ನಿಮ್ಮ ತಾಲ್ಲೂಕು ಆಸ್ಪತ್ರೇಲಿ ಅಂಥ ಒಬ್ಬರು ಇದ್ದಾರಾ? ಹೋಗಿ ಕೇಳಿ.

"ತೊಂದರೆ ಆದ್ರೆ?" ಆಗ ಡಾಕ್ಟರ್ ಬರ್ತಾರೆ! ಆದ್ರೆ ತೊಂದರೆ ಆಗ್ತಿದೆ ಅಂತ ಮೊದಲು ತಿಳಿಯೋದು ಯಾರಿಗೆ? ಪಕ್ಕದಲ್ಲಿ ಕೂತವಳಿಗೆ. "ಖರ್ಚು?" ಕಟ್ಟಡಕ್ಕೆ ದುಡ್ಡಿದೆ, ಟೈಲ್ಸಿಗೆ ದುಡ್ಡಿದೆ, ಹೆರೋಳ ಪಕ್ಕ ಕೂರೋಳಿಗೆ ದುಡ್ಡಿಲ್ವಾ? ಬೇಡ, ನಂಗೆ ಇನ್ನೇನೂ ಹೇಳ್ಬೇಡಿ. ಒಂದೇ ಮುಖ. ಒಂದೇ!

ಸಬ್‌ಸ್ಕ್ರೈಬ್ ಮಾಡಿ, ಮನೇಲಿ ಬಸುರಿ ಇದ್ರೆ ಇದನ್ನ ಕಳಿಸಿ. ಮತ್ತೆ ನಿಮ್ಮ ಹೆರಿಗೇಲಿ ಸೊಂಟ ನೀವಿದ ಕೈ ಯಾರದ್ದು, ಕೆಳಗೆ ಬರೀರಿ. ಎಲ್ಲಾನೂ ಓದ್ತೀನಿ.